ಆಸ್ಪತ್ರೆಗಳಲ್ಲಿ ಸಂವಹನ ಲೋಪ ಹಾಗೂ ವೈದ್ಯಕೀಯ ನಿರ್ಲಕ್ಷ್ಯದ ಹೊಣೆ

ಶುಲ್ಕ ಪಡೆದು ನೀಡುವ ವೈದ್ಯಕೀಯ ಚಿಕಿತ್ಸೆಯು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಒಳಪಡುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1995ರ ನವೆಂಬರ್ 13ರಂದು ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಹಾಗೂ ವಿ.ಪಿ. ಶಾಂತಾ ನಡುವಣ ಪ್ರಕರಣದಲ್ಲಿ ತೀರ್ಪಿತ್ತಿತು. ಅಂದಿನಿಂದ ಆಸ್ಪತ್ರೆ ಎಂಬುದು ಕಾನೂನಿನ ದೃಷ್ಟಿಯಲ್ಲಿ ಸೇವೆಯನ್ನು ಒದಗಿಸುವ ಸಂಸ್ಥೆಯೂ ಆಗಿದೆ. 1986ರ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆಯು 2020ರ ಜುಲೈ 20ರಿಂದ ಜಾರಿಗೆ ಬಂದಾಗ, ಅದರ ವ್ಯಾಖ್ಯೆಯಲ್ಲಿ ‘ಆರೋಗ್ಯ ಸೇವೆ’ ಎಂಬ ಪದವಿಲ್ಲವಾದ್ದರಿಂದ ವೈದ್ಯರು ಇದರಿಂದ ಮುಕ್ತರಾದರು ಎಂಬ ವಾದವೊಂದು ಕೇಳಿಬಂದಿತ್ತು. 2022ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ಒಪ್ಪಲಿಲ್ಲ.

ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳಿಗೆ ಇದು ಕಾನೂನು ವಿಭಾಗ ನೋಡಿಕೊಳ್ಳುವ ವಿಷಯ. ಆದರೆ ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳಲ್ಲಿ ಬ್ಯಾಂಕ್ ಸಾಲದಿಂದ ಕಟ್ಟಿದ ಇಪ್ಪತ್ತು, ಮೂವತ್ತು ಹಾಸಿಗೆಗಳ ನರ್ಸಿಂಗ್ ಹೋಂಗೆ ಒಂದೇ ಒಂದು ಪ್ರತಿಕೂಲ ಆದೇಶ ಬಂದರೂ ಹಲವು ವರ್ಷಗಳ ಲಾಭ ಕೊಚ್ಚಿಹೋಗುತ್ತದೆ. ಕೋಲ್ಕತ್ತದ ಖಾಸಗಿ ಆಸ್ಪತ್ರೆಯೊಂದು ಹಾಗೂ ಅದರ ವೈದ್ಯರಿಗೆ ಸಂಬಂಧಿಸಿದ ಪ್ರಕರಣದಲ್ಲಿ 2013ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿದ ಪರಿಹಾರದ ಮೊತ್ತ 5.96 ಕೋಟಿ ರೂಪಾಯಿ, ಬಡ್ಡಿ ಬೇರೆ. ಇಂತಹ ಮೊತ್ತ ಅಪರೂಪವೇ ಸರಿ. ಆದರೆ ಪರಿಹಾರ ಕೆಲವೇ ಲಕ್ಷವಾದರೂ ಊರಿನಲ್ಲಿ ಹರಡುವ ಸುದ್ದಿಗೆ ಮಿತಿಯಿರುವುದಿಲ್ಲ.

ಇಂತಹ ಪ್ರಕರಣಗಳೆಲ್ಲವೂ ವೈದ್ಯರ ಅಜ್ಞಾನದಿಂದಲೋ ಶಸ್ತ್ರಚಿಕಿತ್ಸಕರ ಕೈಚಳಕದ ಕೊರತೆಯಿಂದಲೋ ಹುಟ್ಟುತ್ತವೆ ಎಂಬುದು ಸಾಮಾನ್ಯ ಕಲ್ಪನೆ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಆಸ್ಪತ್ರೆಗಳಿಗೆ ವಿಮೆ ಒದಗಿಸುವ ‘ಕ್ರಿಕೋ’ ಸಂಸ್ಥೆಯು 2009ರಿಂದ 2013ರವರೆಗಿನ 23,000ಕ್ಕೂ ಹೆಚ್ಚು ನಿರ್ಲಕ್ಷ್ಯದ ದಾವೆಗಳನ್ನು ಪರಿಶೀಲಿಸಿ 2015ರಲ್ಲಿ ವರದಿ ಪ್ರಕಟಿಸಿತು. ಅವುಗಳಲ್ಲಿ ಶೇಕಡಾ 30ರಷ್ಟು ಪ್ರಕರಣಗಳಲ್ಲಿ ಸಂವಹನದ ಲೋಪವಿತ್ತು. ಹೀಗೆ ಗುರುತಿಸಲಾದ 7,149 ಪ್ರಕರಣಗಳ ಒಟ್ಟು ಆರ್ಥಿಕ ಹೊರೆ 170 ಕೋಟಿ ಡಾಲರ್. 1,744 ರೋಗಿಗಳು ಮೃತಪಟ್ಟಿದ್ದರು. ತಿಳಿದಿದ್ದವನು ತಿಳಿಯಬೇಕಾದವನಿಗೆ ಸಕಾಲದಲ್ಲಿ ತಿಳಿಸಲಿಲ್ಲ, ಅಥವಾ ತಿಳಿಸಿದ್ದು ಬೇರೆ ಅರ್ಥದಲ್ಲಿ ತಲುಪಿತು ಎಂಬುದೇ ಈ ಪ್ರಕರಣಗಳ ಸಾರ.

ಒಂದು ಚುಚ್ಚುಮದ್ದಿನ ಪ್ರಕರಣ

ಭಾರತದಲ್ಲಿ ಇದಕ್ಕೆ ಅತ್ಯಂತ ಪರಿಚಿತ ನಿದರ್ಶನ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣ. 1993ರ ಡಿಸೆಂಬರ್‌ನಲ್ಲಿ ಜ್ವರದಿಂದ ಬಳಲುತ್ತಿದ್ದ ಬಾಲಕನೊಬ್ಬನನ್ನು ಈ ಆಸ್ಪತ್ರೆಗೆ ದಾಖಲಿಸಲಾಯಿತು. ಹಿರಿಯ ತಜ್ಞರು ಟೈಫಾಯಿಡ್ ಎಂದು ನಿರ್ಧರಿಸಿ ಚಿಕಿತ್ಸೆ ಆರಂಭಿಸಿದರು. ಕೆಲವು ದಿನಗಳ ನಂತರ ದಾದಿಯೊಬ್ಬರು ‘ಲಾರಿಯಾಗೋ’ ಚುಚ್ಚುಮದ್ದನ್ನು ತರುವಂತೆ ಮಗುವಿನ ತಂದೆಗೆ ತಿಳಿಸಿದರು. ಲಾರಿಯಾಗೋ ಎಂಬುದು ಮಲೇರಿಯಾಕ್ಕೆ ನೀಡುವ ಕ್ಲೋರೋಕ್ವಿನ್ ಔಷಧದ ವ್ಯಾಪಾರನಾಮ. ಅದನ್ನು ರಕ್ತನಾಳಕ್ಕೆ ನೀಡಿದೊಡನೆಯೇ ಮಗು ಕುಸಿದುಬಿದ್ದಿತು. ಹೃದಯ ಸ್ತಂಭಿಸಿ, ಮೆದುಳಿಗೆ ಸರಿಪಡಿಸಲಾಗದ ಹಾನಿಯಾಯಿತು.

ವೈದ್ಯಕೀಯ ಕಾನೂನಿನ ಪಠ್ಯಗಳು ಈ ಪ್ರಕರಣವನ್ನು ವಿವರಿಸುವಾಗ, ಬರೆದಿದ್ದುದು ಕ್ಲೋರಾಂಫೆನಿಕಾಲ್, ಓದಿಕೊಂಡದ್ದು ಕ್ಲೋರೋಕ್ವಿನ್ ಎಂದು ಹೇಳುತ್ತವೆ. ಎರಡೂ ‘ಕ್ಲೋರೋ’ ಧ್ವನಿಯಿಂದಲೇ ಆರಂಭವಾಗುವ ಹೆಸರುಗಳು. ಅವಸರದ ಬರವಣಿಗೆಯಲ್ಲಿ ಉಳಿದರ್ಧ ಯಾವುದಾದರೂ ಆಗಬಹುದು. ಆದರೆ ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಕೇವಲ ಕೈಬರಹದ್ದಾಗಿರಲಿಲ್ಲ. ಚುಚ್ಚುಮದ್ದು ನೀಡಿದವರು ಅದಕ್ಕೆ ಅಗತ್ಯವಾದ ಅರ್ಹತೆಯನ್ನು ಹೊಂದಿರಲಿಲ್ಲ. ಹಾಜರಿದ್ದ ವೈದ್ಯರು ಆ ಕೆಲಸವನ್ನು ಅವರಿಗೆ ಬಿಟ್ಟಿದ್ದರು. ಹಿರಿಯ ವೈದ್ಯರು ತಮ್ಮ ಹೊಣೆಯನ್ನು ಕೆಳಗಿನವರಿಗೆ ವಹಿಸಬಹುದು, ಆದರೆ ಆತ ಅದನ್ನು ನಿರ್ವಹಿಸಲು ಅಸಮರ್ಥನೆಂದು ತಿಳಿದೂ ವಹಿಸುವುದು ನಿರ್ಲಕ್ಷ್ಯವಾಗುತ್ತದೆ ಎಂಬ ತತ್ತ್ವವನ್ನು ಈ ತೀರ್ಪು ಸ್ಪಷ್ಟಪಡಿಸಿತು. ರಾಷ್ಟ್ರೀಯ ಗ್ರಾಹಕ ಆಯೋಗವು ಮಗುವಿಗೆ 12.5 ಲಕ್ಷ ರೂಪಾಯಿ, ತಂದೆತಾಯಿಯ ಮಾನಸಿಕ ಯಾತನೆಗಾಗಿ 5 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ತಪ್ಪನ್ನು ತಡೆಯಲು ಅವಕಾಶವಿದ್ದ ಸ್ಥಳ ಒಂದಲ್ಲ. ಔಷಧದ ಹೆಸರನ್ನು ಸ್ಪಷ್ಟವಾಗಿ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರೆ, ‘ಟೈಫಾಯಿಡ್ ರೋಗಿಗೆ ಮಲೇರಿಯಾದ ಔಷಧವೇಕೆ’ ಎಂದು ಯಾರಾದರೂ ಕೇಳಿದ್ದರೆ, ಸಿರಿಂಜನ್ನು ಕೈಗೆತ್ತಿಕೊಳ್ಳುವ ಮುನ್ನ ವೈದ್ಯರ ಎದುರು ಹೆಸರು ಮತ್ತು ಪ್ರಮಾಣವನ್ನು ಗಟ್ಟಿಯಾಗಿ ಓದಿದ್ದರೆ ಅನಾಹುತ ಅಲ್ಲಿಯೇ ನಿಲ್ಲಬಹುದಿತ್ತು. ಈ ಮೂರಕ್ಕೂ ಹಣದ ಖರ್ಚಿಲ್ಲ.

ಹೊಣೆ ಯಾರದು?

ನರ್ಸಿಂಗ್ ಹೋಂ ಮಾಲೀಕರಲ್ಲಿ ಒಂದು ತಪ್ಪು ತಿಳಿವಳಿಕೆ ಇಂದಿಗೂ ಉಳಿದಿದೆ. ತಮ್ಮದು ಕಟ್ಟಡ, ಹಾಸಿಗೆ, ದಾದಿಯರ ವ್ಯವಸ್ಥೆ ಮಾತ್ರ; ಚಿಕಿತ್ಸೆ ನೀಡುವವರು ಹೊರಗಿನಿಂದ ಬಂದುಹೋಗುವ ತಜ್ಞರಾದ್ದರಿಂದ ಅವರ ತಪ್ಪಿಗೆ ತಾವು ಬಾಧ್ಯರಲ್ಲ ಎಂಬುದೇ ಅದು. 2004ರಲ್ಲಿ ಸವಿತಾ ಗರ್ಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದಕ್ಕೆ ಹೆಚ್ಚಿನ ಬೆಲೆ ಕೊಡಲಿಲ್ಲ. ಚಿಕಿತ್ಸೆ ನೀಡಿದ ವೈದ್ಯರನ್ನು ಪ್ರತಿವಾದಿಗಳನ್ನಾಗಿ ಸೇರಿಸಿಲ್ಲ ಎಂಬ ಕಾರಣಕ್ಕೆ ದೂರನ್ನು ವಜಾ ಮಾಡುವಂತಿಲ್ಲ; ರೋಗಿ ದಾಖಲಾಗುವುದು ಆಸ್ಪತ್ರೆಯನ್ನು ನಂಬಿ; ವೈದ್ಯರು ಸಂಬಳದ ನೌಕರರಾಗಿರಲಿ, ಕರಾರಿನ ಮೇಲೆ ಬರುವವರಾಗಿರಲಿ, ನಿರ್ಲಕ್ಷ್ಯ ನಡೆದಿಲ್ಲವೆಂದು ತೋರಿಸುವ ಭಾರ ಆಸ್ಪತ್ರೆಯ ಮೇಲಿರುತ್ತದೆ ಎಂದು ಅದು ಹೇಳಿತು.

ವ್ಯಾಪಾರದ ದೃಷ್ಟಿಯಿಂದ ಇದರ ಅರ್ಥ ಸ್ಪಷ್ಟವಿದೆ. ಬೆಳಿಗ್ಗೆ ಒಂದು ಆಸ್ಪತ್ರೆ, ಮಧ್ಯಾಹ್ನ ಇನ್ನೊಂದು, ಸಂಜೆ ಸ್ವಂತ ಕ್ಲಿನಿಕ್ ಎಂದು ಓಡಾಡುವ ತಜ್ಞರಿಗೂ ರಾತ್ರಿ ಪಾಳಿಯ ದಾದಿಗೂ ನಡುವೆ ಇರುವ ಏಕೈಕ ಕೊಂಡಿ ಮೊಬೈಲ್ ಫೋನ್. ಆ ಫೋನಿನಲ್ಲಿ ನಡೆಯುವ ಅರ್ಧ ನಿಮಿಷದ ಮಾತಿಗೆ ಮಾಲೀಕರೇ ಜಾಮೀನುದಾರರು.

ಕ್ರಿಮಿನಲ್ ಹೊಣೆಯ ವಿಚಾರ ಬೇರೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ವೈದ್ಯರನ್ನು ಕ್ರಿಮಿನಲ್ ಮೊಕದ್ದಮೆಗೆ ಗುರಿಪಡಿಸಲು ನಿರ್ಲಕ್ಷ್ಯವು ತೀವ್ರ ಸ್ವರೂಪದ್ದಾಗಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನೋಂದಾಯಿತ ವೈದ್ಯರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ ಎರಡು ವರ್ಷದವರೆಗಿನ ಸಜೆ ಹಾಗೂ ದಂಡವನ್ನು ವಿಧಿಸುತ್ತದೆ. ಗ್ರಾಹಕ ಆಯೋಗಗಳಲ್ಲಿ ಪರಿಹಾರಕ್ಕೆ ಅಷ್ಟು ಕಠಿಣ ಮಾನದಂಡ ಅನ್ವಯಿಸುವುದಿಲ್ಲ.

ಮಾತು ಎಲ್ಲಿ ತಪ್ಪುತ್ತದೆ

ಪಾಳಿ ಬದಲಾಗುವ ವೇಳೆ ಆಸ್ಪತ್ರೆಯ ದಿನದಲ್ಲಿ ಅತ್ಯಂತ ಅಪಾಯದ ಹೊತ್ತು. ಹೋಗುವವರಿಗೆ ಬಸ್ಸಿನ ಅವಸರ, ಬಂದವರು ಇನ್ನೂ ರೋಗಿಗಳನ್ನು ನೋಡಿರುವುದಿಲ್ಲ. ‘ಮೂರನೇ ಬೆಡ್ ಸ್ವಲ್ಪ ನೋಡಿಕೊಳ್ಳಿ’ ಎಂಬಷ್ಟರಲ್ಲಿ ಹಸ್ತಾಂತರ ಮುಗಿಯುವುದುಂಟು. ಏನನ್ನು ನೋಡಬೇಕು, ಎಷ್ಟು ಹೊತ್ತಿಗೊಮ್ಮೆ ನೋಡಬೇಕು, ಏನಾದರೆ ಯಾರನ್ನು ಕರೆಯಬೇಕು ಎಂಬುದು ಹೋದವರ ತಲೆಯಲ್ಲಿಯೇ ಉಳಿದಿರುತ್ತದೆ. ಅಮೆರಿಕ ಹಾಗೂ ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಕಿರಿಯ ವೈದ್ಯರ ಹಸ್ತಾಂತರಕ್ಕೆ ‘ಐ-ಪಾಸ್’ ಎಂಬ ನಿಗದಿತ ಕ್ರಮವನ್ನು ರೂಢಿಸಿ ನೋಡಿದಾಗ ವೈದ್ಯಕೀಯ ತಪ್ಪುಗಳು ಶೇಕಡಾ 23ರಷ್ಟೂ, ತಪ್ಪಿಸಬಹುದಾಗಿದ್ದ ಹಾನಿಯು ಶೇಕಡಾ 30ರಷ್ಟೂ ಕಡಿಮೆಯಾದವು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇನ್ನೊಂದು ಸ್ವಾರಸ್ಯವಿದೆ: ಹಸ್ತಾಂತರಕ್ಕೆ ತಗಲುವ ಸಮಯ ಗಣನೀಯವಾಗಿ ಹೆಚ್ಚಾಗಲಿಲ್ಲ.

ದೂರವಾಣಿಯ ಆದೇಶದ ತೊಡಕು ಬೇರೆ ಬಗೆಯದು. ಇಂಗ್ಲಿಷಿನ ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ನಡುವಣ ಅಂತರ ಫೋನಿನ ಗದ್ದಲದಲ್ಲಿ ಅಳಿಸಿಹೋಗುತ್ತದೆ. 15 ಮಿಲಿಗ್ರಾಂ ಹೇಳಿದ್ದು 50 ಆಗಿ ಕೇಳಿಸಿದರೆ ಪ್ರಮಾಣ ಮೂರು ಪಟ್ಟಿಗೂ ಮಿಕ್ಕಿತು. ಆದ್ದರಿಂದ ಅಂಕಿಗಳನ್ನು ಬಿಡಿಬಿಡಿಯಾಗಿ, ‘ಒಂದು-ಐದು’ ಎಂದು ಹೇಳುವುದು, ಕೇಳಿಸಿಕೊಂಡವರು ಬರೆದುಕೊಂಡು ಮರಳಿ ಓದುವುದು, ಹೇಳಿದವರು ‘ಸರಿ’ ಎಂದು ದೃಢೀಕರಿಸುವುದು ಎಂಬ ಮೂರು ಹಂತದ ರೂಢಿಯನ್ನು ಅನುಸರಿಸಲಾಗುತ್ತದೆ. ರೈಲ್ವೆಯಲ್ಲಿ, ವಿಮಾನಯಾನದಲ್ಲಿ ಇದು ಹಳೆಯ ಪದ್ಧತಿ. ಬರವಣಿಗೆಯಲ್ಲಿಯೂ ಇಂತಹ ಬಲೆಗಳಿವೆ. ಇನ್ಸುಲಿನ್ ಪ್ರಮಾಣ ಬರೆಯುವಾಗ ‘ಯೂನಿಟ್’ ಎಂಬುದಕ್ಕೆ ಇಂಗ್ಲಿಷಿನ ‘ಯು’ ಅಕ್ಷರವನ್ನು ಮಾತ್ರ ಹಾಕಿದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗುತ್ತದೆ. 1.0 ಎಂದು ಬರೆದಲ್ಲಿ ಬಿಂದು ಮಸುಕಾದರೆ 10. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆಯ ನಿಯಮಗಳಿಗೆ 2016ರಲ್ಲಿ ತಂದ ತಿದ್ದುಪಡಿಯು ಔಷಧಗಳ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಸೂಚಿಸಿದ್ದು ಇದೇ ಕಾರಣಕ್ಕೆ. ಚೀಟಿಗಳನ್ನು ನೋಡಿದರೆ ಆ ಸೂಚನೆ ಎಷ್ಟು ಮಂದಿಗೆ ತಲುಪಿದೆಯೋ ಎಂಬ ಶಂಕೆ ಮೂಡದಿರದು.

ಭಾಷೆಯ ಪ್ರಶ್ನೆ ಕರ್ನಾಟಕದ ಆಸ್ಪತ್ರೆಗಳಲ್ಲಿ ವಿಶೇಷವಾದುದು. ಬೆಂಗಳೂರು, ಮಂಗಳೂರುಗಳಂತಹ ನಗರಗಳಲ್ಲಿ ದಾದಿಯರು ಮಲಯಾಳಿಗಳು, ಕಿರಿಯ ವೈದ್ಯರು ಹಿಂದಿಯ ಪ್ರದೇಶದವರು, ವಾರ್ಡ್ ಸಹಾಯಕರು ಹಾಗೂ ರೋಗಿಗಳು ಕನ್ನಡಿಗರು ಆಗಿರುವುದು ಸಾಮಾನ್ಯ. ರೋಗಿ ‘ಎದೆ ಉರಿ’ ಎಂದದ್ದು ಎರಡು ಬಾಯಿ ದಾಟಿ ‘ಗ್ಯಾಸ್ಟ್ರಿಕ್’ ಆಗಿ ವೈದ್ಯರ ಕಿವಿಗೆ ಮುಟ್ಟಿದರೆ ಹೃದಯಾಘಾತದ ಮೊದಲ ಗಂಟೆ ಕಳೆದುಹೋಗಬಹುದು. ರೋಗಿಯ ಮಾತನ್ನು ಅವನದೇ ಶಬ್ದಗಳಲ್ಲಿ ಕೇಸ್ ಶೀಟಿನಲ್ಲಿ ದಾಖಲಿಸುವುದು ಹಳೆಯ ವೈದ್ಯರ ಪದ್ಧತಿ. ಅದಕ್ಕೆ ಇಂದು ಕಾನೂನಿನ ಮೌಲ್ಯವೂ ಬಂದಿದೆ.

ಇವೆಲ್ಲಕ್ಕಿಂತ ಕಠಿಣವಾದುದು ಅಂತಸ್ತಿನ ಅಂತರ. ರಾತ್ರಿ ಎರಡು ಗಂಟೆಗೆ ರೋಗಿಯ ರಕ್ತದೊತ್ತಡ ಇಳಿಯುತ್ತಿರುವುದನ್ನು ದಾದಿ ಕಂಡಿರುತ್ತಾರೆ. ಹಿರಿಯ ವೈದ್ಯರನ್ನು ಎಬ್ಬಿಸಿದರೆ ಬೈಸಿಕೊಳ್ಳಬೇಕಾದೀತು ಎಂಬ ಅಂಜಿಕೆಯಿಂದ ಇನ್ನರ್ಧ ಗಂಟೆ ನೋಡೋಣ ಎಂದು ಕಾಯುತ್ತಾರೆ. ಮರುದಿನ ಕೇಸ್ ಶೀಟಿನಲ್ಲಿ ಆ ಅರ್ಧ ಗಂಟೆಯ ಅಂತರ ಉಳಿದಿರುತ್ತದೆ, ವಕೀಲರು ಮೊದಲು ಬೆರಳಿಡುವುದೂ ಅಲ್ಲಿಯೇ. ಕರೆ ಮಾಡಿದ ದಾದಿಯನ್ನು ಒಮ್ಮೆ ಗದರಿಸಿದ ತಜ್ಞರು ಮುಂದಿನ ಹತ್ತು ಕರೆಗಳನ್ನು ತಡೆದಂತೆಯೇ. ಅವರ ವೈದ್ಯಕೀಯ ಪ್ರಾವೀಣ್ಯ ಎಷ್ಟೇ ಇರಲಿ, ಸಂಸ್ಥೆಗೆ ಅವರು ಹೊರೆಯೆಂಬುದನ್ನು ಮಾಲೀಕರು ಅರಿಯಬೇಕು.

ಈ ಅಂಜಿಕೆಯನ್ನು ಸಡಿಲಿಸಲು ರೂಪುಗೊಂಡದ್ದು ‘ಎಸ್‌ಬಾರ್’ ಎಂಬ ನಾಲ್ಕು ಮಾತಿನ ಕ್ರಮ. ಅಮೆರಿಕದ ನೌಕಾದಳದ ಪರಮಾಣು ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಇದನ್ನು ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯು 2000ರ ದಶಕದ ಆರಂಭದಲ್ಲಿ ಆಸ್ಪತ್ರೆಗಳಿಗೆ ಅಳವಡಿಸಿತು. ಈಗಿನ ಸ್ಥಿತಿ, ಹಿನ್ನೆಲೆ, ತನ್ನ ಅಂದಾಜು, ಆಗಬೇಕಾದ ಕ್ರಮ, ಇವಿಷ್ಟನ್ನು ಇದೇ ಅನುಕ್ರಮದಲ್ಲಿ ಹೇಳಬೇಕು. ‘ಸರ್, 12ನೇ ಬೆಡ್ಡಿನ ರೋಗಿಯ ರಕ್ತದೊತ್ತಡ 80ಕ್ಕೆ ಇಳಿದಿದೆ. ಸಂಜೆ ಸಿಸೇರಿಯನ್ ಆಗಿದೆ, ಆಗ 120 ಇತ್ತು. ಒಳಗೆ ರಕ್ತಸ್ರಾವ ಆಗುತ್ತಿರಬಹುದು ಅನ್ನಿಸುತ್ತಿದೆ. ತಾವು ಈಗಲೇ ಬರಬೇಕು.’ ಕಡೆಯ ಎರಡು ವಾಕ್ಯಗಳೇ ಇಲ್ಲಿ ಮುಖ್ಯ. ತನ್ನ ಅಭಿಪ್ರಾಯ ಹೇಳುವುದು ದಾದಿಯ ಉದ್ಧಟತನವಲ್ಲ, ಕರ್ತವ್ಯ ಎಂದು ಈ ಕ್ರಮ ಮೊದಲೇ ಒಪ್ಪಿಕೊಂಡಿರುತ್ತದೆ.

ಕಾಗದಕ್ಕೆ ಸೀಮಿತವಾದರೆ ಫಲವಿಲ್ಲ

ಶಸ್ತ್ರಚಿಕಿತ್ಸಾ ಕೊಠಡಿಗೆಂದು ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ತಪಾಸಣಾ ಪಟ್ಟಿಯೊಂದನ್ನು ಹೊರತಂದಿತು. ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು: ಮರಣ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ, ತೊಡಕುಗಳು ಶೇಕಡಾ 11ರಿಂದ 7ಕ್ಕೆ ಇಳಿದಿದ್ದವು. ಛೇದನಕ್ಕೆ ಮುನ್ನ ತಂಡದವರೆಲ್ಲರೂ ತಮ್ಮ ಹೆಸರು, ಪಾತ್ರ ತಿಳಿಸುವುದು, ರೋಗಿ, ಶಸ್ತ್ರಕ್ರಿಯೆ ಹಾಗೂ ದೇಹದ ಭಾಗವನ್ನು ಬಾಯಿಬಿಟ್ಟು ದೃಢಪಡಿಸುವುದು, ಕೊನೆಯಲ್ಲಿ ಉಪಕರಣ ಮತ್ತು ಹತ್ತಿಬಟ್ಟೆಗಳ ಎಣಿಕೆ ಒಪ್ಪಿಸುವುದು, ಇವು ಆ ಪಟ್ಟಿಯ ತಿರುಳು. ಹೊಟ್ಟೆಯೊಳಗೆ ಬಟ್ಟೆ ಉಳಿದ ಪ್ರಕರಣಗಳಲ್ಲಿ ಆಸ್ಪತ್ರೆಯ ಪರ ವಾದಿಸಲು ಏನೂ ಉಳಿಯುವುದಿಲ್ಲವಾದ್ದರಿಂದ, ಎಣಿಕೆಯ ಈ ಒಂದು ಸಾಲಿನ ಬೆಲೆ ಬಹಳ ದೊಡ್ಡದು.

ಆದರೆ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಇದೇ ಪಟ್ಟಿಯನ್ನು ಸರ್ಕಾರಿ ಆದೇಶದ ಮೂಲಕ ಜಾರಿಗೊಳಿಸಿದ ನಂತರ 101 ಆಸ್ಪತ್ರೆಗಳ ಅಂಕಿಅಂಶಗಳನ್ನು ನೋಡಿದಾಗ ಮರಣ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. 2014ರ ಈ ವರದಿ ಹೆಚ್ಚು ಚರ್ಚೆಗೆ ಒಳಗಾಯಿತು. ಪಟ್ಟಿಗೆ ಗುರುತು ಹಾಕುವುದು ಒಂದು, ಪಟ್ಟಿಯ ನೆಪದಲ್ಲಿ ಪರಸ್ಪರ ಮಾತನಾಡುವುದು ಇನ್ನೊಂದು ಎಂಬ ವಿವರಣೆಯನ್ನು ಹಲವರು ನೀಡಿದ್ದಾರೆ. ಮಾನ್ಯತೆಗಾಗಿ ತಪಾಸಣೆಗೆ ಬರುವವರ ಹಿಂದಿನ ರಾತ್ರಿ ಕುಳಿತು ತಿಂಗಳ ನಮೂನೆಗಳನ್ನೆಲ್ಲ ಒಂದೇ ಲೇಖನಿಯಲ್ಲಿ ತುಂಬಿಸುವ ಪದ್ಧತಿ ಎಲ್ಲಿಯೇ ಇದ್ದರೂ, ಅದು ರಕ್ಷಣೆಗೆ ಬರುವುದರ ಬದಲು ನ್ಯಾಯಾಲಯದಲ್ಲಿ ಸಂಸ್ಥೆಯ ವಿರುದ್ಧವೇ ಸಾಕ್ಷ್ಯವಾಗುತ್ತದೆ.

ರೋಗಿಯೊಡನೆ ಮಾತು

ಸಿಬ್ಬಂದಿಯ ನಡುವಣ ಲೋಪ ಕೊನೆಗೆ ರೋಗಿಗೆ ತಿಳಿಸಬೇಕಾದುದನ್ನು ತಿಳಿಸದಿರುವಲ್ಲಿ ಮುಕ್ತಾಯವಾಗುತ್ತದೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿಯು ಒಪ್ಪಿಗೆ ನೀಡಿದ್ದು ಲ್ಯಾಪರೋಸ್ಕೋಪಿ ತಪಾಸಣೆಗೆ. ಆಕೆ ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ವೈದ್ಯಕೀಯವಾಗಿ ಅದು ಸೂಕ್ತವೇ ಆಗಿದ್ದಿರಬಹುದು. ಆದರೂ ಜೀವಕ್ಕೆ ತಕ್ಷಣದ ಅಪಾಯವಿಲ್ಲದಿರುವಾಗ ವಯಸ್ಕ ರೋಗಿಯ ಬದಲು ಮತ್ತೊಬ್ಬರ ಒಪ್ಪಿಗೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿ, ಶಸ್ತ್ರಚಿಕಿತ್ಸೆಯ ಶುಲ್ಕವನ್ನು ನಿರಾಕರಿಸಿ 25,000 ರೂಪಾಯಿ ಪರಿಹಾರ ವಿಧಿಸಿತು. ಮೊತ್ತ ಅಲ್ಪ, ತತ್ತ್ವ ದೊಡ್ಡದು. ಬಿಡುಗಡೆಯ ನಂತರ ಬರುವ ಬಯಾಪ್ಸಿ ವರದಿಯ ವಿಚಾರವೂ ಇದೇ ಬಗೆಯದು: ಪ್ರಯೋಗಾಲಯ ಕಳುಹಿಸಿದೆ, ಕಚೇರಿ ಫೈಲಿಗೆ ಸೇರಿಸಿದೆ, ವೈದ್ಯರು ನೋಡಿಲ್ಲ, ರೋಗಿಗೆ ಯಾರೂ ಫೋನ್ ಮಾಡಿಲ್ಲ. ಬಾಕಿ ವರದಿಗಳಿಗೆ ಪ್ರತ್ಯೇಕ ಪುಸ್ತಕವಿಟ್ಟು ಒಬ್ಬರನ್ನು ಹೊಣೆಗಾರರನ್ನಾಗಿಸಿದರೆ ಈ ರಂಧ್ರ ಮುಚ್ಚುತ್ತದೆ.

ದಾಖಲೆ, ವಿಮೆ, ವೇಳಾಪಟ್ಟಿ

2002ರ ನಿಯಮಗಳಂತೆ ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿಯೋ ಅಧಿಕೃತ ಪ್ರತಿನಿಧಿಯೋ ಕೇಳಿದಲ್ಲಿ 72 ಗಂಟೆಯೊಳಗೆ ಒದಗಿಸಬೇಕು. ಫೋನಿನ ಆದೇಶ ಯಾರು ಕೊಟ್ಟರು, ಯಾರು ಪಡೆದರು, ಎಷ್ಟು ಗಂಟೆಗೆ, ಮರಳಿ ಓದಲಾಯಿತೇ ಎಂಬ ನಾಲ್ಕು ವಿವರಗಳುಳ್ಳ ಸಾಲು ಕೇಸ್ ಶೀಟಿನಲ್ಲಿದ್ದರೆ ವಿವಾದದ ಅರ್ಧ ಭಾಗ ಅಲ್ಲಿಯೇ ಇತ್ಯರ್ಥವಾಗುತ್ತದೆ. ತಪ್ಪು ಬರೆದದ್ದನ್ನು ಒಂದು ಗೆರೆ ಎಳೆದು ಸಹಿ, ಸಮಯ ಹಾಕಿ ತಿದ್ದಬೇಕೇ ಹೊರತು ಬಿಳಿ ಬಣ್ಣ ಬಳಿಯಬಾರದು.

ವೃತ್ತಿಪರ ಹೊಣೆಗಾರಿಕೆ ವಿಮೆ ಪಡೆದಿರುವವರು ಪಾಲಿಸಿಯ ಷರತ್ತುಗಳನ್ನು ಓದಿರುವುದು ಅಪರೂಪ. ಈ ಪಾಲಿಸಿಗಳು ಸಾಮಾನ್ಯವಾಗಿ ದಾವೆ ಸಲ್ಲಿಕೆಯಾದ ಅವಧಿಯನ್ನು ಆಧರಿಸಿರುತ್ತವೆ. ಆದ್ದರಿಂದ ನವೀಕರಣ ಒಂದು ವರ್ಷ ತಪ್ಪಿದರೆ ಹಿಂದಿನ ವರ್ಷಗಳ ಚಿಕಿತ್ಸೆಗೂ ರಕ್ಷಣೆ ಕಳೆದುಹೋಗಬಹುದು. ದೂರಿನ ಸುಳಿವು ಸಿಕ್ಕೊಡನೆ ಕಂಪನಿಗೆ ತಿಳಿಸಬೇಕು. ಅರ್ಹತೆಯಿಲ್ಲದ ಸಿಬ್ಬಂದಿಯಿಂದ ಆದ ಹಾನಿಗೆ ಕಂಪನಿ ಹಣ ನೀಡಲು ತಕರಾರು ಎತ್ತಬಹುದಾದ್ದರಿಂದ ದಾದಿಯರ ನೋಂದಣಿ ಪತ್ರಗಳನ್ನು ಕಡತದಲ್ಲಿ ಇರಿಸಿಕೊಳ್ಳುವುದು ಒಳಿತು.

ಇನ್ನು ವೆಚ್ಚದ ಮಾತು. ಮುದ್ರಿತ ನಮೂನೆಗಳು, ಪ್ರತಿ ವಾರ್ಡಿಗೊಂದು ಬಿಳಿ ಹಲಗೆ, ತಿಂಗಳಿಗೊಮ್ಮೆ ಒಂದು ಗಂಟೆಯ ತರಬೇತಿ, ಇವು ಆಸ್ಪತ್ರೆಯ ಆಯವ್ಯಯದಲ್ಲಿ ಕಾಣಿಸದಷ್ಟು ಸಣ್ಣ ಬಾಬುಗಳು. ನಿಜವಾದ ವೆಚ್ಚವಿರುವುದು ಪಾಳಿಗಳ ನಡುವೆ. ಬೆಳಗಿನ ಪಾಳಿ ಎರಡು ಗಂಟೆಗೆ ಮುಗಿದು ಮಧ್ಯಾಹ್ನದ ಪಾಳಿ ಎರಡು ಗಂಟೆಗೇ ಆರಂಭವಾಗುವ ವೇಳಾಪಟ್ಟಿಯಲ್ಲಿ ಹಸ್ತಾಂತರಕ್ಕೆ ಒಂದು ನಿಮಿಷವೂ ಇರುವುದಿಲ್ಲ. ಅದು ದಾದಿಯರ ಸ್ವಂತ ಸಮಯದಲ್ಲಿ, ನಿಂತ ಕಾಲಿನ ಮೇಲೆ ನಡೆಯುತ್ತದೆ. ಎರಡೂ ಪಾಳಿಗಳನ್ನು ಇಪ್ಪತ್ತು ನಿಮಿಷ ಒಂದರ ಮೇಲೊಂದು ಬರುವಂತೆ ಹೊಂದಿಸಿ, ಆ ಇಪ್ಪತ್ತು ನಿಮಿಷಕ್ಕೆ ಸಂಬಳ ಕೊಡಬೇಕಾಗುತ್ತದೆ. ಮುಖ್ಯ ದಾದಿಯಾಗಲಿ ಭೇಟಿ ನೀಡುವ ತಜ್ಞರಾಗಲಿ ಇದನ್ನು ಮಾಡಲಾರರು. ಹಾಜರಿ ಪುಸ್ತಕ ಹಾಗೂ ವೇತನ ಪಟ್ಟಿಗೆ ಸಹಿ ಮಾಡುವವರ ಕೈಯಲ್ಲಿ ಮಾತ್ರ ಅದು ಇದೆ.